ಮಾತು ಮತ್ತು ಧಾತು: ವಾಗ್ಗೇಯಕಾರ ಕುಮಾರ ಗಂಧರ್ವರು

ಧಾರವಾಡ ಸೀಮೆಯ ಸಂಗೀತದ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಗುರುಪರಂಪರೆಯ ದಾರಿಯನ್ನು ಹಿಡಿಯುವರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರಿಂದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (೧೮೮೬-೧೯೫೨), ವಿದ್ಯೆಯನ್ನು ಪಡೆದರು. ಅವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಪಡೆದರು. ಮನಸೂರಿನ ಮಲ್ಲಿಕಾರ್ಜುನರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿಯೂ, ಅನಂತರ ಜಯಪುರ-ಅತ್ರೌಳಿ ಘರಾಣೆಯ ಮಂಜೀಖಾನ ಮತ್ತು ಬುರ್ಜೀಖಾನರಲ್ಲಿಯೂ ಕಲಿತರು. ಯಲಿವಾಳದ ಬಸವರಾಜ ರಾಜಗುರುಗಳು ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಈ ರೀತಿಯ ನಿರೂಪಣೆಯು ಸತ್ಯವಾದುದೇ ಸರಿ. ಆದರೆ ಇದರಲ್ಲಿ ಒಂದು ಪ್ರಶ್ನೆಯು ಹಿಂದೆ ಉಳಿದುಬಿಡುತ್ತದೆ. ಈ ಗಾಯಕರು ಹಾಡಿದ ಚೀಜುಗಳನ್ನು ಕಟ್ಟಿದವರು ಯಾರು? ಕಟ್ಟುವ ಕೆಲಸವು ಹೇಗೆ ನಡೆಯುತ್ತದೆ? ಹದಿನೆಂಟನೆಯ ಶತಮಾನದ ದೆಹಲಿಯ ಸದಾರಂಗ, ಅದಾರಂಗರ ಅಂಕಿತಗಳು ಇಂದಿಗೂ ಖ್ಯಾಲಿನ ಪದಗಳಲ್ಲಿ ಕೇಳಿಬರುತ್ತವೆ. ಆದರೆ ಅವರು ತಮ್ಮ ಧಾಟಿಗಳನ್ನು ಎಲ್ಲಿಂದ ತಂದರೆಂಬುದಕ್ಕೆ ಬರಹದ ಸಾಕ್ಷ್ಯವು ವಿರಳ. ಪರಂಪರೆಯನ್ನು ಹೊತ್ತುತಂದವರ ಚರಿತ್ರೆಯು ನಮಗೆ ಚೆನ್ನಾಗಿ ತಿಳಿದಿದೆ. ನಿರ್ಮಾಣದ ಚರಿತ್ರೆಯು ಅಷ್ಟಾಗಿ ತಿಳಿದಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡುವ ಜೀವನವೊಂದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲಿಯೇ ಆರಂಭವಾಯಿತು. ಅದು ಕುಮಾರ ಗಂಧರ್ವರದು (೧೯೨೪-೧೯೯೨). ಅವರು ಗಾಯಕರೆಂದು ಪ್ರಸಿದ್ಧರು. ಪ್ರಸ್ತುತ ಲೇಖನದಲ್ಲಿ ನಾವು ಅವರ ಗಾಯನವನ್ನು ವಿವರಿಸಹೊರಟಿಲ್ಲ. ಅವರು ರಚನಕಾರರಾಗಿಯೂ ಗ್ರಂಥಕರ್ತರಾಗಿಯೂ ಮಾಡಿದ ಕೆಲಸವನ್ನು ಪರಿಶೀಲಿಸಿ, ಆ ಕೆಲಸದಿಂದ ನಮ್ಮ ನಾಡಿನ ಹಾಡುಗಳನ್ನು ಸಂಗ್ರಹಿಸುವವರು ಕಲಿಯಬೇಕಾದುದೇನೆಂಬುದನ್ನು ವಿಚಾರಿಸುವುದೇ ನಮ್ಮ ಉದ್ದೇಶ.

ಮೊದಲು ಪರಿಭಾಷೆಯೊಂದನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ಹೇಳಿರುವನು. ಹಾಡಿನ ನುಡಿಗೆ 'ಮಾತು' ಎಂದೂ ಅದರ ಸ್ವರರಚನೆಗೆ 'ಧಾತು' ಎಂದೂ ಹೆಸರು. ಇವೆರಡನ್ನೂ ತಾನೇ ರಚಿಸಬಲ್ಲವನು ವಾಗ್ಗೇಯಕಾರನು. ಇಲ್ಲಿ ಶಾರ್ಙ್ಗದೇವನು ಮಾಡಿರುವ ತರತಮ ವಿವೇಚನೆಯು ಗಮನಾರ್ಹವಾದುದು. ಧಾತುವಿನಲ್ಲಿ ಸಮರ್ಥನಾಗಿದ್ದು ಮಾತಿನಲ್ಲಿ ಮಂದನಾದವನನ್ನು ಅವನು ಮಧ್ಯಮನೆನ್ನುವನು. ರಮ್ಯವಾದ ಮಾತನ್ನು ಕಟ್ಟಿಯೂ ಧಾತುವಿನಲ್ಲಿ ಮಂದನಾದವನನ್ನು ಅಧಮನೆನ್ನುವನು. ಅಂದರೆ ಸಂಗೀತಶಾಸ್ತ್ರದ ದೃಷ್ಟಿಯಲ್ಲಿ ಹಾಡಿನ ಪ್ರಾಣವು ಮೊದಲು ಧಾತುವಿನಲ್ಲಿದೆ. ಈ ವಿವೇಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

೧

ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠರು ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ೧೯೨೪ರ ಏಪ್ರಿಲ್ ೮ರಂದು ಜನಿಸಿದರು. ಮನೆಮಾತು ಕನ್ನಡ, ತಂದೆಯವರೂ ಗಾಯಕರು. ೧೯೫೬ರವರೆಗೆ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮಿರಜ, ಸಾಂಗಲಿ, ಕೊಲ್ಹಾಪುರಗಳ ದರಬಾರುಗಳು ಹತ್ತಿರದಲ್ಲಿದ್ದವು. ಮರಾಠಿ ನಾಟಕ ಕಂಪನಿಗಳು ರೈಲುಮಾರ್ಗದ ಊರುಗಳಲ್ಲೆಲ್ಲ ಬಿಡಾರ ಹೂಡುತ್ತಿದ್ದವು. ಗ್ರಾಮೊಫೋನು ತಟ್ಟೆಗಳು ಅಂಗಡಿಗಳಿಗೂ ಮನೆಗಳಿಗೂ ಬಂದಿದ್ದವು. ಬಾಲಕ ಶಿವಪುತ್ರನು ಆ ತಟ್ಟೆಗಳಲ್ಲಿ ಕೇಳಿದ ದೊಡ್ಡ ಗಾಯಕರ ಹಾಡಿಕೆಯನ್ನು ಯಥಾವತ್ತಾಗಿ ಒಪ್ಪಿಸಿ ಜನರನ್ನು ಬೆರಗುಗೊಳಿಸಿದನು. 'ಕುಮಾರ ಗಂಧರ್ವ' ಎಂಬ ಬಿರುದು ಅವನಿಗೆ ಬಾಲ್ಯದಲ್ಲಿಯೇ ಬಂದು, ಕೊನೆಗೆ ಅದೇ ಹೆಸರಾಗಿ ನಿಂತಿತು.

ಅನುಕರಣೆಯು ಕಲಿಕೆಯಲ್ಲವೆಂಬುದನ್ನು ತಂದೆಯವರು ಅರಿತಿರಬೇಕು. ೧೯೩೦ರ ದಶಕದ ಮಧ್ಯಭಾಗದಲ್ಲಿ ಬಾಲಕನನ್ನು ಮುಂಬಯಿಯ ಪ್ರೊಫೆಸರ್ ಬಿ. ಆರ್. ದೇವಧರರ (೧೯೦೧-೧೯೯೦) ಬಳಿ ಬಿಡಲಾಯಿತು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಆದರೆ ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ಅವರ ಸಂಗೀತಶಾಲೆಗೆ ಬೇರೆ ಬೇರೆ ಮನೆತನಗಳ ಉಸ್ತಾದರು ಬಂದು ಹಾಡುತ್ತಿದ್ದರು. ದೇವಧರರು ಅವರಿಂದ ಚೀಜುಗಳನ್ನು ಕೇಳಿ ಬರೆದಿಡುತ್ತಿದ್ದರು, ಅವರ ಜೀವನವೃತ್ತಾಂತಗಳನ್ನೂ ಸಂಗ್ರಹಿಸುತ್ತಿದ್ದರು. ಆ ವೃತ್ತಾಂತಗಳು ಮುಂದೆ ಮರಾಠಿಯಲ್ಲಿ ಗ್ರಂಥರೂಪವನ್ನು ತಾಳಿದವು. ಪಲುಸ್ಕರರೂ ವಿಷ್ಣು ನಾರಾಯಣ ಭಾತಖಂಡೆಯವರೂ (೧೮೬೦-೧೯೩೬) ತಂತಮ್ಮ ಸ್ವರಲಿಪಿಗಳನ್ನು ರೂಪಿಸಿ, ಬಾಯಿಂದ ಬಾಯಿಗೆ ಸಾಗುತ್ತಿದ್ದ ವಿದ್ಯೆಯನ್ನು ಕಾಗದದ ಮೇಲೆ ತಂದಿದ್ದ ಕಾಲವದು. ಆದುದರಿಂದ ಕುಮಾರರಿಗೆ ದೇವಧರರ ಮನೆಯಲ್ಲಿ ದೊರೆತುದು ಗಾಯನಶಿಕ್ಷಣ ಮಾತ್ರವಲ್ಲ. ಸಂಗೀತವನ್ನು ಕೇಳಿ, ಹೋಲಿಸಿ, ಬರೆದಿಡಬಹುದೆಂಬ ಅಭ್ಯಾಸವೂ ಅಲ್ಲಿಯೇ ದೊರೆಯಿತು. ಅವರ ಮುಂದಿನ ಬರವಣಿಗೆಯ ಬೇರು ಇಲ್ಲಿದೆಯೆಂದು ನಾವು ಭಾವಿಸುತ್ತೇವೆ.

೨

ಇಪ್ಪತ್ತನಾಲ್ಕರ ಪ್ರಾಯಕ್ಕೆ ಬರುವ ಮೊದಲೇ ಅವರಿಗೆ ಕ್ಷಯರೋಗವು ತಗಲಿತು. ಒಣಹವೆಯ ಊರಿನಲ್ಲಿ ವಾಸಿಸುವುದು ಆ ಕಾಲದಲ್ಲಿ ಈ ರೋಗಕ್ಕೆ ಮುಖ್ಯವಾದ ಉಪಚಾರವಾಗಿತ್ತು. ೧೯೪೮ರಲ್ಲಿ ಅವರು ಪತ್ನಿ ಭಾನುಮತಿಯವರೊಡನೆ ಮಾಳವ ಪ್ರದೇಶದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಬಾರದೆಂದು ವೈದ್ಯರ ನಿರ್ಬಂಧವಿದ್ದಿತು. ೧೯೫೦ರ ದಶಕದ ಆರಂಭದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧವು ದೊರೆಯತೊಡಗಿದ ಮೇಲೆ ರೋಗವು ಹತೋಟಿಗೆ ಬಂದಿತು. ಒಂದು ಶ್ವಾಸಕೋಶದ ಶಕ್ತಿಯು ಮಾತ್ರ ಮರಳಲಿಲ್ಲ. ೧೯೫೩ರ ವೇಳೆಗೆ ಅವರು ಮತ್ತೆ ಹಾಡಲಾರಂಭಿಸಿದರು.

ನಡುವಿನ ಐದು ವರ್ಷಗಳು ಸಂಗೀತದ ಇತಿಹಾಸದ ದೃಷ್ಟಿಯಿಂದ ಬಹು ಮುಖ್ಯವಾದುವು. ಹಾಡಲಾಗದ ಗಾಯಕನು ಕೇಳುವವನಾದನು. ಹೊಲಕ್ಕೆ ಹೋಗುವ ಹೆಂಗಸರ ಹಾಡು, ಮದುವೆಮನೆಗಳ ಹಾಡು, ಋತುಋತುವಿನ ಹಬ್ಬದ ಹಾಡು, ನಾಥಪಂಥದ ಜೋಗಿಗಳ ನಿರ್ಗುಣಪದ ಇವೆಲ್ಲವೂ ಅವರ ಕಿವಿಯ ಮೇಲೆ ಬಿದ್ದುವು. ಅವುಗಳನ್ನು ಅವರು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದರು. ಹಳ್ಳಿಯ ಹಾಡನ್ನು ಕೇಳಿದ ಶಾಸ್ತ್ರೀಯ ಗಾಯಕರು ಅವರ ಮೊದಲೂ ಇದ್ದರು. ಪಹಾಡಿ, ಮಾಂಡ, ಪೀಲು ಮೊದಲಾದ ರಾಗಗಳು ಜನಪದ ಮೂಲದವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ರಾಗಗಳು ಹುಟ್ಟಿದ ಕ್ರಮವನ್ನು ಕಂಡವರಿಲ್ಲ. ಕುಮಾರರ ವಿಶೇಷವು ಅವರು ಆ ಕ್ರಮವನ್ನೇ ಅರಿತು ಆಚರಿಸಿದುದರಲ್ಲಿದೆ.

ಅವರ ವಿಚಾರದ ಸಾರವು ಹೀಗಿದೆ: ರಾಗವನ್ನು ಯಾರೂ ಸ್ವರಗಳನ್ನು ಎಣಿಸಿ ಕೂಡಿಸಿ ನಿರ್ಮಿಸಲಾರರು. ರಾಗವು ಧುನ್ ಎಂದರೆ ಜನಪದ ಮಟ್ಟಿನೊಳಗೆ ಅಡಗಿರುತ್ತದೆ. ಬಲ್ಲವನು ಅದನ್ನು ಕಂಡುಕೊಳ್ಳುತ್ತಾನೆ. ಹೀಗೆ ಕಂಡುಕೊಂಡ ರಾಗಗಳಿಗೆ 'ಧುನ್-ಉಗಮ್' ರಾಗಗಳೆಂದು ಹೆಸರಾಯಿತು. ಮಧಸೂರಜಾ, ಅಹಿಮೋಹಿನಿ, ಸಹೇಲಿ ತೋಡಿ, ಮಾಲವತಿ, ಸಂಜಾರಿ, ಲಗನ ಗಂಧಾರ ಮೊದಲಾದುವು ಅವರಿಂದ ಬೆಳಕಿಗೆ ಬಂದ ರಾಗಗಳು. 'ಅಹಿ' ಎಂದರೆ ಹಾವು. ಅಹಿಮೋಹಿನಿ ಎಂಬ ಹೆಸರೇ ಹಾವಾಡಿಗನ ಪುಂಗಿಯನ್ನು ನೆನಪಿಗೆ ತರುತ್ತದೆ. ೧೯೬೯ರ ಗಾಂಧೀ ಜನ್ಮಶತಾಬ್ದಿಯ ಸಂದರ್ಭದಲ್ಲಿ ರೂಪುಗೊಂಡ ಗಾಂಧಿ ಮಲ್ಹಾರವೂ ಅವರದೇ.

ಮಟ್ಟಿನಲ್ಲಿ ರಾಗವು ಅಡಗಿರುವುದೆಂದರೆ ಏನೆಂಬುದನ್ನು ಸಂಗೀತದ ಪರಿಚಯವಿಲ್ಲದ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸಬೇಕು. ಭೂಪಾಲಿ, ದೇಶಕಾರ ಎಂಬ ಎರಡು ರಾಗಗಳಿವೆ. ಎರಡರಲ್ಲಿಯೂ ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತ ಎಂಬ ಅವೇ ಐದು ಶುದ್ಧಸ್ವರಗಳು. ಆದರೂ ಅವು ಒಂದೇ ರಾಗವಲ್ಲ. ಭೂಪಾಲಿಯಲ್ಲಿ ಗಾಂಧಾರಕ್ಕೆ ಪ್ರಾಧಾನ್ಯ. ದೇಶಕಾರದಲ್ಲಿ ಧೈವತಕ್ಕೆ ಪ್ರಾಧಾನ್ಯ. ಒಂದು ಸಂಜೆಯದು, ಇನ್ನೊಂದು ಬೆಳಗಿನದು. ಹೀಗಿರಲಾಗಿ ಸ್ವರಗಳ ಪಟ್ಟಿಯಿಂದ ರಾಗವು ನಿರ್ಧಾರವಾಗುವುದಿಲ್ಲ. ಯಾವ ಸ್ವರದ ಮೇಲೆ ನಿಲ್ಲುವುದು, ಯಾವುದನ್ನು ಮುಟ್ಟಿಯೂ ಮುಟ್ಟದಂತೆ ದಾಟುವುದು, ಏರುವ ದಾರಿ ಯಾವುದು, ಇಳಿದು ಮನೆಗೆ ಮರಳುವ ದಾರಿ ಯಾವುದು ಎಂಬುದರಿಂದ ನಿರ್ಧಾರವಾಗುತ್ತದೆ. ಹಳ್ಳಿಯ ಹಾಡಿನಲ್ಲಿ ಅನೇಕ ವೇಳೆ ನಾಲ್ಕೈದು ಸ್ವರಗಳೇ ಇರುತ್ತವೆ. ಆದರೆ ಅವುಗಳ ನಡಿಗೆಯು ನಿಶ್ಚಿತವಾಗಿರುತ್ತದೆ. ಬೀಸುವವಳು ಅಥವಾ ನಾಟಿ ಮಾಡುವವಳು ನೂರು ನುಡಿಗಳನ್ನು ಹಾಡಿದರೂ ನೂರು ಸಲವೂ ಅದೇ ಸ್ವರದ ಮೇಲೆ ಬಂದು ನಿಲ್ಲುತ್ತಾಳೆ. ಈ ನಡಿಗೆಯನ್ನು ಗುರುತಿಸಿ, ಅದು ಕೇಳುವ ಉಳಿದ ಸ್ವರಗಳಿಗೆ ಎಡೆಗೊಟ್ಟು, ವಿಸ್ತರಿಸಲು ಬರುವಂತೆ ಮಾಡುವುದೇ ಕುಮಾರರ ರಚನಾಕ್ರಮವಾಗಿತ್ತು.

೩

೧೯೬೫ರಲ್ಲಿ ಅವರ 'ಅನೂಪರಾಗವಿಲಾಸ' ಎಂಬ ಗ್ರಂಥವು ಮುಂಬಯಿಯ ಮೌಜ ಪ್ರಕಾಶನದಿಂದ ಹೊರಬಂದಿತು. ಪ್ರಸಿದ್ಧ ರಾಗಗಳಲ್ಲಿ ಅವರು ಕಟ್ಟಿದ ಹೊಸ ಬಂದಿಶ್‌ಗಳೂ, ಅವರು ಕಂಡುಕೊಂಡ ಹೊಸ ರಾಗಗಳ ಬಂದಿಶ್‌ಗಳೂ ಸ್ವರಲಿಪಿಯೊಡನೆ ಇದರಲ್ಲಿವೆ. ಎರಡನೆಯ ಭಾಗವು ಅವರ ನಿಧನಾನಂತರ ಪ್ರಕಟವಾಯಿತು. ಪದಗಳ ಭಾಷೆಯು ಮಾಳವೀ ಛಾಯೆಯುಳ್ಳ ಹಿಂದಿ. ಮಾತೂ ಧಾತುವೂ ಅವರದೇ ಆದುದರಿಂದ ಶಾರ್ಙ್ಗದೇವನ ಅರ್ಥದಲ್ಲಿಯೂ ಅವರು ವಾಗ್ಗೇಯಕಾರರು.

ಈ ಪ್ರಕಟಣೆಯ ಮಹತ್ತ್ವವನ್ನು ತಿಳಿಯಬೇಕಾದರೆ ಘರಾಣೆಗಳ ರೂಢಿಯನ್ನು ನೆನೆಯಬೇಕು. ಅಪೂರ್ವವಾದ ಚೀಜು ಮನೆತನದ ಆಸ್ತಿ. ಅದನ್ನು ಹೊರಗಿನವರಿಗೆ ಕೊಡುವುದು ನಷ್ಟವೆಂಬ ಭಾವನೆಯು ಬಹುಕಾಲ ಬಲವಾಗಿದ್ದಿತು. ಭಾತಖಂಡೆಯವರು ಹಳೆಯ ಚೀಜುಗಳನ್ನು ಸಂಗ್ರಹಿಸುವಾಗ ಈ ಭಾವನೆಯೊಡನೆ ಸೆಣಸಬೇಕಾಯಿತು. ಕುಮಾರರಾದರೋ ತಮ್ಮ ಪ್ರಾಯದ ನಲವತ್ತೊಂದನೆಯ ವರ್ಷದಲ್ಲಿ, ತಾವು ಇನ್ನೂ ಸಭೆಗಳಲ್ಲಿ ಹಾಡುತ್ತಿದ್ದಾಗಲೇ, ತಮ್ಮ ಸ್ವಂತ ರಚನೆಗಳನ್ನು ಸ್ವರಸಹಿತವಾಗಿ ಎಲ್ಲರ ಮುಂದೆ ಇಟ್ಟರು. ಅವುಗಳನ್ನು ಯಾರಾದರೂ ಕಲಿಯಬಹುದು, ಪರೀಕ್ಷಿಸಬಹುದು, ತಪ್ಪೆನಿಸಿದರೆ ಆಕ್ಷೇಪಿಸಬಹುದು. ವಿದ್ವತ್ತಿನ ಕ್ಷೇತ್ರದಲ್ಲಿ ನಾವು ಪ್ರಕಟಣೆಯಿಂದ ಅಪೇಕ್ಷಿಸುವುದು ಇದನ್ನೇ.

ಗ್ರಂಥದ ಜೊತೆಗೆ ಅವರು ರೂಪಿಸಿದ ವಿಷಯಪ್ರಧಾನವಾದ ಕಛೇರಿಗಳನ್ನೂ ಎಣಿಸಬೇಕು. ಮಳೆಗಾಲದ ಹಾಡುಗಳ 'ಗೀತವರ್ಷಾ', ಅದೇ ರೀತಿಯ 'ಗೀತಹೇಮಂತ', 'ಗೀತವಸಂತ', ಕಬೀರ-ಸೂರದಾಸ-ಮೀರಾ ಪದಗಳ 'ತ್ರಿವೇಣಿ', ಮಾಳವದ ಜನಪದ ಮಟ್ಟುಗಳದೇ ಆದ ಪ್ರತ್ಯೇಕ ಕಾರ್ಯಕ್ರಮ ಇವೆಲ್ಲ ಕೇವಲ ಮನರಂಜನೆಗೆ ಏರ್ಪಟ್ಟವಲ್ಲ. ಮಟ್ಟಿನಿಂದ ರಾಗದವರೆಗಿನ ದಾರಿಯನ್ನು ಶ್ರೋತೃಗಳಿಗೆ ತೋರಿಸುವ ಪ್ರಯತ್ನಗಳು ಅವು. ಭಾರತ ಸರಕಾರವು ೧೯೭೭ರಲ್ಲಿ ಪದ್ಮಭೂಷಣವನ್ನೂ ೧೯೯೦ರಲ್ಲಿ ಪದ್ಮವಿಭೂಷಣವನ್ನೂ ಅವರಿಗೆ ನೀಡಿತು. ೧೯೯೨ರ ಜನವರಿ ೧೨ರಂದು ಅವರು ದೇವಾಸದಲ್ಲಿ ತೀರಿಕೊಂಡರು.

ಅವರ ಕೆಲಸಕ್ಕೆ ಆಕ್ಷೇಪಗಳಿರಲಿಲ್ಲವೆಂದಲ್ಲ. ಘರಾಣೆಯ ಕಟ್ಟುಗಳನ್ನು ಮೀರಿದರೆಂದು ಸಂಪ್ರದಾಯನಿಷ್ಠರು ಟೀಕಿಸಿದರು. ಅವರ ಚಿಕ್ಕ ಚಿಕ್ಕ ಸ್ವರಗುಚ್ಛಗಳ ಶೈಲಿಯು ವಿಚಾರದಿಂದ ಹುಟ್ಟಿದುದಲ್ಲ, ಶ್ವಾಸದ ದೌರ್ಬಲ್ಯದಿಂದ ಹುಟ್ಟಿದುದೆಂದು ಹೇಳಿದವರೂ ಇದ್ದರು. ಗಾಯನದ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿರಬಹುದು. ಆದರೆ ರಚನೆಗಳ ವಿಷಯದಲ್ಲಿ ಇದು ನಿಲ್ಲಲಾರದು. ಬಂದಿಶ್ ಎಂಬುದು ಕಾಗದದ ಮೇಲಿದೆ. ಅದನ್ನು ಪೂರ್ಣಶ್ವಾಸವುಳ್ಳ ಗಾಯಕರೂ ಹಾಡುತ್ತಿರುವರು. ರೋಗವು ಅವರಿಗೆ ಕೇಳುವ ಬಿಡುವನ್ನು ಒದಗಿಸಿತು. ಕೇಳಿದುದನ್ನು ಏನು ಮಾಡಬೇಕೆಂಬುದನ್ನು ಒದಗಿಸಿದುದು ಅವರ ಬುದ್ಧಿ ಮತ್ತು ದೇವಧರರ ಶಿಕ್ಷಣ.

೪

ಇನ್ನು ನಮ್ಮ ನಾಡಿಗೆ ಬರೋಣ. ಕುಮಾರರು ಕನ್ನಡಿಗರೆಂದು ಹೆಮ್ಮೆಪಡುವುದು ಸಹಜ. ಆದರೆ ಹೆಮ್ಮೆಯು ಇತಿಹಾಸವಾಗಲಾರದು. ಅವರ ರಚನೆಗಳ ಭಾಷೆಯು ಕನ್ನಡವಲ್ಲ, ಅವರ ರಾಗಗಳ ಮೂಲವು ಕರ್ನಾಟಕದ ಹಳ್ಳಿಯಲ್ಲ. ಅವರು ಕೇಳಿದುದು ಮಾಳವವನ್ನು. ಹಾಗಿದ್ದರೆ ಸುಳೇಭಾವಿಯ ಸುತ್ತಲಿನ, ಧಾರವಾಡದ ಸುತ್ತಲಿನ ಹಾಡುಗಳಿಗೆ ಇಂತಹ ಕಿವಿಯು ದೊರೆಯಿತೆ? ಇದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಉತ್ತರ ಕರ್ನಾಟಕದಲ್ಲಿ ಜನಪದ ಗೀತಗಳ ಸಂಗ್ರಹವು ಮಾಳವಕ್ಕಿಂತ ತಡವಾಗಿ ಆರಂಭವಾದುದಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ೧೯೩೧ರಷ್ಟು ಮುಂಚೆಯೇ ಹೊರತಂದರು. ಅದು ಕನ್ನಡಕ್ಕೆ ಮಾಡಿದ ಉಪಕಾರವು ಅಪಾರ. ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಯು ಕಾವ್ಯವೆಂಬುದನ್ನು ಓದುಬರಹ ಬಲ್ಲವರು ಒಪ್ಪಿದುದು ಇಂತಹ ಸಂಕಲನಗಳಿಂದ. ಮುಂದೆ ವಿಶ್ವವಿದ್ಯಾಲಯಗಳಲ್ಲಿ ಜಾನಪದವು ಅಧ್ಯಯನದ ವಿಷಯವಾದಾಗಲೂ ಅದು ಹೆಚ್ಚಾಗಿ ಸಾಹಿತ್ಯದ ಅಂಗವಾಗಿಯೇ ಬೆಳೆಯಿತು. ಇದರ ಪರಿಣಾಮವಾಗಿ ನಮ್ಮ ಮುದ್ರಿತ ಸಂಕಲನಗಳಲ್ಲಿ ಬಹುಪಾಲಿನಲ್ಲಿ ಮಾತು ಉಳಿದಿದೆ, ಧಾತು ಉಳಿದಿಲ್ಲ. ತ್ರಿಪದಿಯು ಪುಟದ ಮೇಲೆ ಮೂರು ಸಾಲಾಗಿ ಕಾಣುತ್ತದೆ. ಹಾಡುವವರ ಬಾಯಲ್ಲಿ ಎರಡನೆಯ ಸಾಲು ಮರುಕಳಿಸಿ ಬೇರೊಂದು ಆಕಾರವನ್ನೇ ಪಡೆಯುತ್ತದೆ. ಎಲ್ಲಿ ಮರುಕಳಿಸಿತು, ಯಾವ ಸ್ವರದಲ್ಲಿ ನಿಂತಿತು ಎಂಬುದನ್ನು ಆ ಪುಟದಿಂದ ತಿಳಿಯಲು ಬರುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣವೇನು? ನಮ್ಮ ಸಂಗ್ರಾಹಕರಲ್ಲಿ ಹಲವರು ಕವಿಗಳು. ಹಾಡಿನ ಭಾಷೆ ಅವರ ತಾಯ್ನುಡಿ. ಆದುದರಿಂದ ಅವರಿಗೆ ಮೊದಲು ಕೇಳಿಸಿದುದು ನುಡಿಯ ಸೊಗಸು. ಕುಮಾರರು ಗಾಯಕರು, ಮಾಳವಿಯು ಅವರ ತಾಯ್ನುಡಿಯಲ್ಲ. ಆ ಹೆಂಗಸರ ಹಾಡಿನಲ್ಲಿ ಅವರಿಗೆ ಮೊದಲು ಕೇಳಿಸಿದುದು ಸ್ವರದ ನಡಿಗೆಯೇ ಆಗಿರಬೇಕೆಂದು ನಾವು ಊಹಿಸುತ್ತೇವೆ. ಪರಕೀಯತೆಯು ಇಲ್ಲಿ ಅವರಿಗೆ ಅನುಕೂಲವನ್ನೇ ಮಾಡಿರಬಹುದು.

ಧಾತುವು ಹೋದರೆ ಆಗುವ ನಷ್ಟವೇನೆಂಬುದಕ್ಕೆ ಶಿಶುನಾಳ ಶರೀಫರ (೧೮೧೯-೧೮೮೯) ತತ್ತ್ವಪದಗಳು ನಿದರ್ಶನವಾಗಿವೆ. ಶಿಶುವಿನಹಾಳವು ಕುಂದಗೋಳದ ನೆರೆಯ ಶಿಗ್ಗಾವಿ ಸೀಮೆಯದು. ಈ ಪದಗಳನ್ನು ಹಳ್ಳಿಯ ಭಜನಾ ಮೇಳಗಳು ಏಕತಾರಿ, ತಾಳಗಳೊಡನೆ ಹಾಡುತ್ತ ಬಂದಿವೆ. ಆದರೆ ಇಂದು ಕಾಲೇಜಿನ ವಿದ್ಯಾರ್ಥಿಯೊಬ್ಬನನ್ನು ಶರೀಫರ ಪದವನ್ನು ಹಾಡೆಂದು ಕೇಳಿದರೆ, ಅವನು ಹಾಡುವುದು ಬಹುಶಃ ಸಿ. ಅಶ್ವತ್ಥರ ಸ್ವರಸಂಯೋಜನೆಯನ್ನು. ಧ್ವನಿಸುರುಳಿಗಳಿಂದಲೂ ೧೯೯೦ರ 'ಸಂತ ಶಿಶುನಾಳ ಶರೀಫ' ಚಲನಚಿತ್ರದಿಂದಲೂ ಅವು ಮನೆಮನೆಗೆ ತಲುಪಿದುವು. ಅವು ಉತ್ತಮ ರಚನೆಗಳೆಂಬುದರಲ್ಲಿ ಸಂಶಯವಿಲ್ಲ. ಪದಗಳಿಗೆ ಹೊಸ ಬಾಳನ್ನು ಕೊಟ್ಟ ಕೀರ್ತಿಯೂ ಅವುಗಳಿಗೆ ಸಲ್ಲುತ್ತದೆ. ಆದರೆ ಇತಿಹಾಸಕಾರನು ಅವುಗಳನ್ನು ಇಪ್ಪತ್ತನೆಯ ಶತಮಾನದ ಸುಗಮ ಸಂಗೀತದ ದಾಖಲೆಯೆಂದು ಪರಿಗಣಿಸಬೇಕೇ ಹೊರತು ಶರೀಫರ ಕಾಲದ ಮಟ್ಟೆಂದು ಪರಿಗಣಿಸಲಾಗದು. ಹಳೆಯ ಮಟ್ಟಿಗೆ ಹತ್ತಿರವಾದುದೇನಾದರೂ ಉಳಿದಿದ್ದರೆ ಅದು ಭಜನಾ ಮೇಳಗಳ ಬಾಯಲ್ಲಿ ಉಳಿದಿರಬೇಕು.

೫

ಆದುದರಿಂದ ನಮ್ಮ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೋಗುವಾಗ ಕುಮಾರರ ಕ್ರಮದಿಂದ ಮೂರು ಸಂಗತಿಗಳನ್ನು ತೆಗೆದುಕೊಂಡು ಹೋಗಬೇಕೆಂದು ನಮ್ಮ ಅಭಿಪ್ರಾಯ.

ಮೊದಲನೆಯದು, ಹಾಡನ್ನು ಪೂರ್ತಿಯಾಗಿ ಧ್ವನಿಮುದ್ರಿಸಿಕೊಳ್ಳಬೇಕು. ಕುಮಾರರ ಕಾಲದಲ್ಲಿ ಕಷ್ಟವಾಗಿದ್ದ ಈ ಕೆಲಸವನ್ನು ಇಂದು ಜೇಬಿನಲ್ಲಿರುವ ಮೊಬೈಲು ಫೋನೇ ಮಾಡಬಲ್ಲುದು. ನುಡಿಗಳನ್ನು ಬರೆಸಿಕೊಂಡು ಬರುವುದಷ್ಟೇ ಸಾಲದು. ಬರೆಸುವಾಗ ಹಾಡುಗಾರ್ತಿಯು ಹಾಡನ್ನು ನಿಲ್ಲಿಸಿ ಮಾತಾಗಿ ಹೇಳುತ್ತಾಳೆ, ಅಲ್ಲಿಗೆ ಧಾತುವು ಹೋಯಿತು. ಎರಡನೆಯದು, ಧ್ವನಿಮುದ್ರಣವನ್ನು ಸ್ವರಲಿಪಿಗೆ ಇಳಿಸಬೇಕು. ಸ್ವರಲಿಪಿಯು ಸೂಕ್ಷ್ಮವಾದ ಎಳೆತಗಳನ್ನು ಹಿಡಿಯಲಾರದೆಂಬುದು ನಿಜ. ಆದರೆ ನಿಲ್ಲುವ ಸ್ವರ, ಏರಿಳಿತದ ದಾರಿ, ಮರುಕಳಿಕೆ ಇವುಗಳನ್ನು ಹಿಡಿಯಬಲ್ಲುದು. ಒಂದೂರಿನ ಮಟ್ಟನ್ನು ಇನ್ನೊಂದೂರಿನದರೊಡನೆ ಹೋಲಿಸಲು ಅಷ್ಟು ಸಾಕು. ಮೂರನೆಯದು, ಹಾಡು ಯಾವ ಕೆಲಸಕ್ಕೆ ಸೇರಿದುದೆಂಬುದನ್ನು ಬರೆದುಕೊಳ್ಳಬೇಕು. ಬೀಸುಕಲ್ಲಿನ ತಿರುಗುವಿಕೆಗೆ ಹೊಂದಿದ ಮಟ್ಟು ಬೇರೆ, ಕಣದಲ್ಲಿ ದನಗಳ ಹಿಂದೆ ಸುತ್ತುತ್ತ ಹೇಳುವ ಹಂತಿಯ ಪದದ ಮಟ್ಟು ಬೇರೆ.

ಇಂತಹ ಹೋಲಿಕೆಗೆ ಧಾರವಾಡ ಜಿಲ್ಲೆಯು ಅನುಕೂಲವಾದ ಕ್ಷೇತ್ರವಾಗಿದೆ. ಪೂರ್ವದಲ್ಲಿ ನವಲಗುಂದ, ಅಣ್ಣಿಗೇರಿಗಳು ಜೋಳ, ಹತ್ತಿಗಳ ಎರೆಭೂಮಿ. ಪಶ್ಚಿಮದಲ್ಲಿ ಕಲಘಟಗಿ ತಾಲೂಕು ಭತ್ತ ಬೆಳೆಯುವ ಅರೆಮಲೆನಾಡು. ಒಂದೇ ಜಿಲ್ಲೆಯಲ್ಲಿ ದುಡಿಮೆಯ ಎರಡು ಬಗೆಗಳಿವೆ. ಮಟ್ಟುಗಳೂ ಎರಡು ಬಗೆಯಾಗಿವೆಯೆ, ಅಥವಾ ನುಡಿಗಳು ಬದಲಾದರೂ ಮಟ್ಟು ಒಂದೇ ಆಗಿದೆಯೆ? ಈ ಪ್ರಶ್ನೆಗೆ ಉತ್ತರವು ಮುದ್ರಿತ ಸಂಕಲನಗಳಿಂದ ದೊರೆಯುವಂತಿಲ್ಲ. ಕಲಘಟಗಿ ತಾಲೂಕಿನ ದೇವಿಕೊಪ್ಪದಂತಹ ಒಂದು ಊರನ್ನೂ, ನವಲಗುಂದದ ಕಡೆಯ ಒಂದು ಊರನ್ನೂ ಆರಿಸಿಕೊಂಡು, ಒಂದೊಂದೂರಿನಲ್ಲಿ ಹತ್ತು ಹಾಡುಗಳನ್ನು ಇಬ್ಬರು ಮೂವರಿಂದ ಕೇಳಿ ಸ್ವರಸಹಿತವಾಗಿ ಬರೆದರೂ ಆರಂಭವಾದಂತಾಗುವುದು. ಇದರಿಂದ ಹೊಸ ರಾಗವು ಹುಟ್ಟಲೇಬೇಕೆಂದಿಲ್ಲ. ರಾಗವನ್ನು ಕಾಣಲು ವಾಗ್ಗೇಯಕಾರನು ಬೇಕು, ಅವನು ಎಂದು ಬರುವನೋ ಹೇಳಲಾಗದು. ಅವನು ಬಂದಾಗ ಕೇಳಲು ಮಟ್ಟು ಇರಬೇಕಾದುದು ಮಾತ್ರ ಅವಶ್ಯ.

ಈ ಕೆಲಸಕ್ಕೆ ಕಾಲಾವಧಿಯು ಮಿತವಾದುದು. ಹಿಟ್ಟಿನ ಗಿರಣಿಯು ಬಂದ ಊರುಗಳಲ್ಲಿ ಬೀಸುಕಲ್ಲು ಮೂಲೆ ಸೇರಿತು. ಒಕ್ಕಣೆಯ ಯಂತ್ರ ಬಂದಲ್ಲಿ ಹಂತಿಯು ನಿಂತಿತು. ಕೆಲಸವು ನಿಂತರೂ ನುಡಿಗಳು ಪುಸ್ತಕದಲ್ಲಿ ಉಳಿಯಬಲ್ಲವು. ಬರೆಯದ ಮಟ್ಟು ಕಲಿತವರೊಡನೆ ಹೋಗಿಬಿಡುತ್ತದೆ. ಕಲ್ಲಿನ ಮುಂದೆ ಕುಳಿತು ತಾಯಿಯಿಂದಲೋ ಅತ್ತೆಯಿಂದಲೋ ಈ ಹಾಡುಗಳನ್ನು ಕಲಿತವರು ಈಗ ವೃದ್ಧೆಯರಾಗಿರುವರು. ನಮ್ಮ ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಹೋಗುವ ಮೊದಲು ಅವರ ಮನೆಗಳಿಗೆ ಹೋಗುವುದು ಯುಕ್ತವೆಂದು ನಮಗೆ ತೋರುತ್ತದೆ.